ಫೋರ್ಕುವೋನ ಕಾವಲುಗಾರ

ಈ ಊರಿನಲ್ಲಿ ಯಾರೇ ಸತ್ತರೂ ನನ್ನ ಬಾಯಿಂದ ಇನ್ನೊಂದು ಸಲ ಸಾಯಬೇಕು. ಇಪ್ಪತ್ತೆರಡು ವರ್ಷಗಳಿಂದ ಬೊಂಫಾಸೋ ರೇಡಿಯೋದಲ್ಲಿ ಸಾವಿನ ಪ್ರಕಟಣೆ ಓದುವವಳು ನಾನೇ, ಅಫ್ರಾಕೋಮಾ. ಡಾಕ್ಟರು ಹೇಳಿದರೂ, ಶವಾಗಾರದವರು ಚೀಟಿ ಕೊಟ್ಟರೂ, ಆಂಟಿ ಅಫ್ರಾ ಓದುವ ತನಕ ಹೆಣಕ್ಕೇ ನಂಬಿಕೆ ಬರುವುದಿಲ್ಲ ಎಂದು ಮಾರುಕಟ್ಟೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಮಾರುಕಟ್ಟೆ ಕಂಬದ ಮೇಲಿನ ನಾಲ್ಕು ಧ್ವನಿವರ್ಧಕಗಳಿಂದ ನನ್ನ ದನಿ ಹೊರಟಾಗ ಇದೇ ಜನ ಚೌಕಾಸಿ ನಿಲ್ಲಿಸಿ, ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ ನಿಂತು ಕೇಳುತ್ತಾರೆ.

ಒಂದೇ ಪ್ರಕಟಣೆಯನ್ನು ಹತ್ತು ಸಲ ಓದಿಸಿದರೂ ಹತ್ತು ಸಲವೂ ಒಂದು ಸೆಕೆಂಡಿನ ವ್ಯತ್ಯಾಸವಿಲ್ಲದೆ ಮುಗಿಸುತ್ತೇನೆ. ಜಾಹೀರಾತು ಅಳೆಯಲು ಕೊಟ್ಟ ಸ್ಟಾಪ್‌ವಾಚು ಕೊರಳಲ್ಲಿ ನೇತಾಡುತ್ತಿರುತ್ತದೆ, ಆದರೆ ಅದನ್ನು ನೋಡುವ ಅಗತ್ಯ ನನಗೆ ಬೀಳುವುದಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನನ್ನ ಈ ಜಂಬವೂ ಫೋರ್ಕುವೋನ ಜಂಬವೂ ಸೇರಿ ಎಂಬತ್ತಾರು ವರ್ಷದ ಒಬ್ಬ ಅಜ್ಜಿಯನ್ನು ಮನೆಯಿಂದ ಹೊರಗೆ ಹಾಕಿಸುವುದರಲ್ಲಿದ್ದವು.

ಫೋರ್ಕುವೋ ನಮ್ಮ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವನು. ಬಾಗಿಲಿಗೆ ‘ಎಂಜಿನಿಯರ್’ ಎಂದು ಬರೆದ ಹಲಗೆಯನ್ನು ತಾನೇ ಬರೆಸಿ ತಾನೇ ಮೊಳೆ ಹೊಡೆದಿದ್ದ. ಅದು ಸಾಮಾನಿನ ಕೋಣೆ. ಒಳಗೆ ಎರಡು ಮುರಿದ ಫ್ಯಾನು, ನೆಲ ಒರೆಸುವ ಬಕೆಟ್ಟು, ನಡುವೆ ಎಂಜಿನಿಯರ್. ಮನುಷ್ಯ ಕೆಟ್ಟವನಲ್ಲ. ಗೊತ್ತಿಲ್ಲ ಎಂಬ ಒಂದು ಮಾತು ಅವನ ಬಾಯಿಂದ ಬರುವುದಿಲ್ಲ, ಅಷ್ಟೇ.

ನಮ್ಮ ದೊಡ್ಡ ತಲೆನೋವು ಪ್ಲೇಯರ್. ಹಾಡು, ಜಾಹೀರಾತು, ನಾನು ಓದಿಟ್ಟ ಪ್ರಕಟಣೆ, ಎಲ್ಲವನ್ನೂ ಒಂದಾದ ಮೇಲೊಂದು ಹಾಕುವ ಪ್ರೋಗ್ರಾಂ ಅದು. ವಾರಕ್ಕೆ ಮೂರು ಸಲ ಹ್ಯಾಂಗ್ ಆಗುತ್ತಿತ್ತು. ಆಯಿತೆಂದರೆ ಮುಗಿಯಿತು, ಯಾರಾದರೂ ಹೋಗಿ ಅದನ್ನು ಮುಚ್ಚಿ ಮತ್ತೆ ತೆರೆಯುವ ತನಕ ರೇಡಿಯೋ ಮೂಕ. ಒಂದು ಭಾನುವಾರ ಎಲ್ಲರೂ ಚರ್ಚಿನಲ್ಲಿದ್ದಾಗ ಮೂರು ಗಂಟೆ ಹಾಗೇ ಇತ್ತು. ನಮ್ಮ ಊರಿನ ಅರಸರೇ ಹೋದರೆಂದು ತಿಳಿದು ಪಕ್ಕದ ಊರಿನವರು ಕಪ್ಪು ಬಟ್ಟೆ ಉಟ್ಟುಕೊಂಡು ಬಂದುಬಿಟ್ಟರು. ಅರಸರು ಹೊರಗೆ ಬಂದು ಅವರಿಗೆ ನೀರು ಕೊಡಿಸಿ ಕಳಿಸಿದರು. ಮಾರನೆಯ ದಿನ ನಮ್ಮ ಮ್ಯಾನೇಜರು ಅಟಕೋರಾ, ಇನ್ನೊಂದು ಸಲ ಹೀಗಾದರೆ ಹಲಗೆ ಸಮೇತ ಮನೆಗೆ ಹೋಗು ಎಂದು ಫೋರ್ಕುವೋಗೆ ಹೇಳಿದರು.

ಒಂದು ವಾರ ಸಾಮಾನಿನ ಕೋಣೆಯ ಬಾಗಿಲು ಮುಚ್ಚಿತ್ತು. ಎಂಟನೆಯ ದಿನ ಫೋರ್ಕುವೋ ಹೊರಗೆ ಬಂದ.

“ಸರ್, ಒಂದು ಸ್ಕ್ರಿಪ್ಟ್ ಬರ್ದಿದೀನಿ. ಕಾವಲುಗಾರ ಅಂತ ಹೆಸರಿಟ್ಟಿದೀನಿ. ಕಂಪ್ಯೂಟರಿನ ಒಳಗೇ ಕೂತ್ಕೊಂಡು ಪ್ರತಿಯೊಂದು ಪ್ರೋಗ್ರಾಮಿನ ನಾಡಿ ನೋಡ್ತಿರುತ್ತೆ. ಯಾವುದಕ್ಕೆ ಜೀವ ಇಲ್ವೋ ಅದನ್ನ ತಾನೇ ನಿಲ್ಸಿ, ತಾನೇ ಹೊಸದಾಗಿ ತೆರೆಯುತ್ತೆ. ಬೇಡದೆ ಇರೋದನ್ನ ಮುಚ್ಚಿಹಾಕುತ್ತೆ.”

“ಜೀವ ಇಲ್ಲ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?”

“ಅದು ದೊಡ್ಡ ಲೆಕ್ಕ ಸರ್. ಹೇಳಿದ್ರೆ ನಿಮಗೆ ತಲೆ ನೋಯುತ್ತೆ.”

ಮ್ಯಾನೇಜರಿಗೆ ತಲೆ ನೋಯಿಸಿಕೊಳ್ಳುವ ಆಸೆ ಇರಲಿಲ್ಲ. ಫೋರ್ಕುವೋ ರೇಡಿಯೋದ ಕಂಪ್ಯೂಟರಿಗೂ ಮ್ಯಾನೇಜರ ಕಂಪ್ಯೂಟರಿಗೂ ಕಾವಲುಗಾರನನ್ನು ಕೂರಿಸಿದ. ಕೆಲಸ ಮಾಡಿತು, ಇಲ್ಲ ಎನ್ನಬಾರದು. ಪ್ಲೇಯರ್ ಸುಮ್ಮನಾದರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮುಚ್ಚಿಕೊಂಡು ತೆರೆದುಕೊಳ್ಳುತ್ತಿತ್ತು. ತೆರೆದ ಕೂಡಲೇ ಮೊದಲಿಗೆ ನಮ್ಮ ಕೇಂದ್ರದ ಗುರುತಿನ ಡೋಲು, ಅರಮನೆಯ ಜೋಡಿ ಡೋಲಿನ ನಾಲ್ಕು ಪೆಟ್ಟು, ಆಮೇಲೆ ಹಾಡು. ಮ್ಯಾನೇಜರಿಗೆ ಇನ್ನೊಂದು ಲಾಭವೂ ಆಯಿತು. ಅವರು ದಿನವೆಲ್ಲಾ ಕಂಪ್ಯೂಟರಿನ ಎದುರು ಕಪ್ಪು-ಬಿಳಿ ಕಾಯಿಗಳ ದಾಮೆ ಆಡುವವರು. ಒಂದು ಕಾಯಿ ಸರಿಸಲು ಒಂದು ಊಟದ ಹೊತ್ತು ತೆಗೆದುಕೊಳ್ಳುತ್ತಾರೆ. ಈಗೀಗ ಅವರು ಯೋಚನೆ ಮಾಡುತ್ತಿರುವಾಗಲೇ ಆಟ ಮಾಯವಾಗತೊಡಗಿತು. ಸೋಲುವ ಭಯಕ್ಕೆ ಕಂಪ್ಯೂಟರ್ ಎದ್ದು ಓಡಿಹೋಗುತ್ತಿದೆ ಎಂದು ಅವರು ಸಿಕ್ಕಸಿಕ್ಕವರಿಗೆಲ್ಲಾ ಹೇಳಿದರು.

ಆ ಖುಷಿಯಲ್ಲೇ ಒಂದು ಜಾಹೀರಾತು ಬರೆದು ನನ್ನ ಕೈಗೆ ಕೊಟ್ಟರು. ‘ಬೊಂಫಾಸೋ ರೇಡಿಯೋ. ಯಾವುದು ಸತ್ತದ್ದು, ಯಾವುದು ಬದುಕಿರುವುದು ಎಂದು ತಿಳಿಯುವ ಯಂತ್ರವುಳ್ಳ ಏಕೈಕ ಕೇಂದ್ರ.’ ದಿನಕ್ಕೆ ಐದು ಸಲ ಓದಿದೆ. ಓದಿ ಎಂದರೆ ಓದುವವಳು ನಾನು.

ಹೀಗೆ ಒಂದು ತಿಂಗಳು ಕಳೆಯಿತು. ಅಷ್ಟರಲ್ಲಿ ಊರು ಒಪಾನಿನ್, ಅಂದರೆ ಹಿರಿಯರು, ಎಂದು ಕರೆಯುತ್ತಿದ್ದ ಬೆರ್ಕೋ ಅವರ ಅಂತ್ಯಕ್ರಿಯೆಯ ವಾರ ಬಂತು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು, ಶವಾಗಾರದ ತಂಪಿನಲ್ಲಿ ಕಾಯುತ್ತಿದ್ದರು. ಶನಿವಾರ ಮಣ್ಣು. ಸೋಮವಾರದಿಂದ ಶುಕ್ರವಾರದವರೆಗೆ ಪ್ರಕಟಣೆ.

ಬೆರ್ಕೋ ಮೂವತ್ತು ವರ್ಷ ಅವರ ಕುಲದ ಯಜಮಾನರಾಗಿದ್ದವರು. ಅವರ ನಂತರ ಆ ಪೀಠಕ್ಕೆ ಬಂದವರು ಒಪಾನಿನ್ ಟುಮಾಸಿ. ಬೆರ್ಕೋ ಇರುವ ತನಕ ಟುಮಾಸಿಯವರು ಕುಲದ ಸಭೆಯಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಿದವರಲ್ಲ. ಇವರು ಎದ್ದು “ನಾನು ಟುಮಾಸಿ” ಎನ್ನುವಷ್ಟರಲ್ಲಿ ಮುದುಕರು ಕೋಲೆತ್ತಿ “ಸಾಕು, ಕೂತ್ಕೋ” ಎನ್ನುತ್ತಿದ್ದರು. ಇವರು ಕೂರುತ್ತಿದ್ದರು. ಈಗ ತಡೆಯುವವರು ಇಲ್ಲ. ಪ್ರಕಟಣೆಯ ಹಾಳೆ ಹಿಡಿದು ಅವರು ಕೇಂದ್ರಕ್ಕೆ ಬಂದ ಠೀವಿ ನೋಡಬೇಕಿತ್ತು.

“ತೊಂಬತ್ತಮೂರು ಹೆಸರಿದೆ, ಆಂಟಿ ಅಫ್ರಾ. ಒಂದೂ ಬಿಡೋ ಹಾಗಿಲ್ಲ. ಮೊದಲ್ನೇ ಹೆಸರು ನಂದು. ಕೊನೇಲಿ, ಈ ಪ್ರಕಟಣೆ ಯಜಮಾನರಾದ ಒಪಾನಿನ್ ಟುಮಾಸಿ ಅವರ ಅಪ್ಪಣೆಯಂತೆ ಅಂತ ಮತ್ತೆ ಒಂದ್ಸಲ.”

“ಮಾಮೆ ಫೋಫಿಯೆ ಇಷ್ಟು ಕೆಳಗೆ ಯಾಕೆ ಒಪಾನಿನ್? ಒಡಹುಟ್ಟಿದ ಅಕ್ಕ ಅವರು.”

“ಎಲ್ಲಿದ್ರೇನು, ಓದೋದು ನೀವೇ ತಾನೆ.”

ಮಾಮೆ ಫೋಫಿಯೆ ಬೆರ್ಕೋಗೆ ಎಂಟು ವರ್ಷ ದೊಡ್ಡವರು. ಕೇಂದ್ರದ ಎದುರಿನ ಬೇವಿನ ಮರದ ಕೆಳಗೆ ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಕೆಂಕೆ, ಹುರಿದ ಮೀನು, ಖಾರ ಮಾರುತ್ತಾರೆ. ಮಕ್ಕಳಿಲ್ಲ. ಕುಲದ ಮನೆಯ ಮೂಲೆಯ ಕೋಣೆಯಲ್ಲಿ ವಾಸ. ಆ ಕೋಣೆಯ ಬಾಗಿಲು ನೇರ ರಸ್ತೆಗೆ ತೆರೆಯುತ್ತದೆ, ಅಲ್ಲೊಂದು ಸಿಮೆಂಟ್ ಅಂಗಡಿ ಇಡಬೇಕೆಂದು ಟುಮಾಸಿಯವರು ಎಷ್ಟೋ ವರ್ಷದಿಂದ ಕಣ್ಣಿಟ್ಟಿದ್ದರು. ಇದು ಊರಿಗೆಲ್ಲಾ ಗೊತ್ತಿತ್ತು. ಬೆರ್ಕೋ ಇದ್ದಾಗ ಆ ಮಾತು ಎತ್ತಿದರೆ ಅದಕ್ಕೂ “ಸಾಕು, ಕೂತ್ಕೋ” ಎಂಬುದೇ ಉತ್ತರವಾಗಿತ್ತು.

ಸೋಮವಾರ ಸಂಜೆ ಆರು ಗಂಟೆ. ಬಾವಲಿಗಳು ಬೂರುಗದ ಮರ ಬಿಟ್ಟು ಹಾರತೊಡಗಿದ್ದವು. ನಾನು ಕೇಂದ್ರದ ಮೆಟ್ಟಿಲ ಮೇಲೆ ಕಡಲೆಕಾಯಿ ಬಿಡಿಸುತ್ತಾ ನನ್ನ ದನಿಯನ್ನೇ ಕೇಳುತ್ತಿದ್ದೆ. ಮಕ್ಕಳಾಯಿತು, ಮೊಮ್ಮಕ್ಕಳಾಯಿತು, ಅಕ್ಕತಂಗಿಯರ ಸಾಲು ಬಂತು, “ಸಹೋದರಿ ಮಾಮೆ ಆಮಾ ಫೋ” ಎಂದವಳು ಅಲ್ಲಿಗೇ ನಿಂತೆ. ನಾನಲ್ಲ, ಕಂಬದ ಮೇಲಿನ ನಾನು. ಬಾವಲಿಗಳ ರೆಕ್ಕೆ ಮಾತ್ರ ಕೇಳುತ್ತಿತ್ತು. ಆಮೇಲೆ ಡೋಲು, ನಾಲ್ಕು ಪೆಟ್ಟು.

ಮ್ಯಾನೇಜರು ಓಡಿಬಂದು ಮತ್ತೆ ಹಾಕಿಸಿದರು. ಮತ್ತೆ “ಮಾಮೆ ಆಮಾ ಫೋ”. ಮತ್ತೆ ಡೋಲು.

“ಮೆಷೀನು ಆರೋಗ್ಯವಾಗಿದೆ ಸರ್,” ಎಂದ ಫೋರ್ಕುವೋ. ಅವನು ಅದರ ಮೈ ಮುಟ್ಟಿ ನೋಡಿದ್ದ.

ಮಂಗಳವಾರ ಬೆಳಿಗ್ಗೆ ಅದೇ ಜಾಗ. ಸಂಜೆ ಅದೇ ಜಾಗ. ಮಧ್ಯಾಹ್ನದ ಹೊತ್ತಿಗೆ ಟೊಮೆಟೊ ಮಾರುವ ಅಜೋವಾ ನನ್ನ ಕಿವಿಯ ಹತ್ತಿರ ಬಂದಿದ್ದಳು.

“ಆಂಟಿ, ಸತ್ತೋರು ಮಾತು ತಡೀತಿದಾರೆ. ನಂಗೆ ಮೈಯೆಲ್ಲಾ ಜುಮ್ ಅಂತಿದೆ. ಬೆರ್ಕೋ ಅಜ್ಜ ಹಂಗೇ ಅಲ್ವಾ, ಬೇಡದ್ದು ಕೇಳಿದ್ರೆ ನಡುವೇನೇ ಕೋಲೆತ್ತೋರು.”

“ಟೊಮೆಟೊ ನೋಡ್ಕೋ, ಮೇಕೆ ತಿಂತಿದೆ.”

ಬಾಯಿಯಲ್ಲಿ ಹಾಗೆಂದೆ. ನನಗೂ ಹೆದರಿಕೆಯಾಗಿತ್ತು. ನಮ್ಮ ದನಿ ನಮ್ಮ ಅಪ್ಪಣೆಯಿಲ್ಲದೆ ನಿಂತರೆ ಯಾರಿಗಾದರೂ ಆಗುತ್ತದೆ.

ಕುಲದವರು ಸೇರಿ ಮಾತಾಡಿದರು. ಮೊದಲಿಗೆ ಒಳ್ಳೆಯ ಬುದ್ಧಿಯೇ ಓಡಿತು. ಯಾರದೋ ಹೆಸರು ಬಿಟ್ಟುಹೋಗಿದೆ, ಅದಕ್ಕೇ ಮುದುಕರಿಗೆ ಸಿಟ್ಟು. ಹುಡುಕಿ ಹುಡುಕಿ ಹನ್ನೊಂದು ಹೆಸರು ಕೊನೆಗೆ ಸೇರಿಸಿದರು. ಗಡಿಯಾಚೆ ಅಬಿಜಾನ್ ನಗರದಲ್ಲಿರುವ, ಯಾರೂ ಕಣ್ಣಾರೆ ಕಾಣದ ಒಬ್ಬ ದಾಯಾದಿ. ಬೆರ್ಕೋಗೆ ಬಾವಿ ತೋಡಿಕೊಟ್ಟವನು. ಅವರ ಹಲ್ಲು ಕಿತ್ತವನು. ನಾನು ಮತ್ತೆ ಓದಿದೆ, ಅದೇ ಅಳತೆಗೆ. ಬುಧವಾರ ಬೆಳಿಗ್ಗೆಯೂ ಅದೇ “ಮಾಮೆ ಆಮಾ ಫೋ”.

ಆಗ ಟುಮಾಸಿಯವರು ಗಂಟಲು ಸರಿಮಾಡಿಕೊಂಡು, “ಆಕೆ ಹೆಸರು ತೆಗೆದು ನೋಡೋಣ” ಎಂದರು. ತೆಗೆದೆ. ಬುಧವಾರ ಸಂಜೆ ಅದು ಮುಂದಿನ ಹೆಸರಿಗೆ ನಿಂತಿತು, ಸೋದರಳಿಯ ಅಮೋಯಾ. ಅದೇ ರಾತ್ರಿ ಅಮೋಯಾಗೆ ಹೊಟ್ಟೆ ಕೆಟ್ಟಿತು.

“ನೋಡಿದ್ರಾ,” ಎಂದರು ಟುಮಾಸಿ, “ಹೆಸರು ತೆಗೆದ್ರೆ ಪಕ್ಕದವನ ಮೇಲೆ ಹಾರ್ತಾಳೆ. ಪಾಪ, ಏನೂ ಅರೀದ ಮಗು.”

ಏನೂ ಅರಿಯದ ಮಗುವಿಗೆ ನಲವತ್ತೊಂದು ವರ್ಷ. ಹಿಂದಿನ ದಿನ ಕುಲದ ಮನೆಯಲ್ಲಿ ಐದು ತಟ್ಟೆ ಅನ್ನ ತಿಂದಿದ್ದನ್ನು ನಾನೇ ಕಂಡಿದ್ದೆ. ಆದರೆ ಅಷ್ಟು ಹೊತ್ತಿಗೆ ಊರಿನಲ್ಲಿ ಲೆಕ್ಕ ಕೇಳುವವರು ಯಾರೂ ಉಳಿದಿರಲಿಲ್ಲ. ಅಕ್ಕನೇ ಮಾಟಗಾತಿಯಾಗಿ ತಮ್ಮನನ್ನು ತಿಂದಿದ್ದಾಳೆ, ಅದಕ್ಕೇ ತಮ್ಮ ಅವಳ ಹೆಸರನ್ನು ತನ್ನ ಪ್ರಕಟಣೆಯಲ್ಲಿ ಬರಗೊಡುತ್ತಿಲ್ಲ ಎಂದು ಮಾತಾಯಿತು. ಬೇವಿನ ಮರದ ಕೆಳಗೆ ಕೆಂಕೆ ಕೊಳ್ಳುವವರಿಲ್ಲ. ಶಾಲೆಯ ಮಕ್ಕಳನ್ನು ತಾಯಂದಿರು ರಸ್ತೆಯ ಆಚೆ ಬದಿಯಿಂದ ನಡೆಸಿಕೊಂಡು ಹೋದರು.

ಗುರುವಾರ ಟುಮಾಸಿಯವರು ಕುಲದ ಆರು ಜನ ಹಿರಿಯರನ್ನು ಕರೆದುಕೊಂಡು ಕೇಂದ್ರಕ್ಕೇ ಬಂದರು. ಕುರ್ಚಿ ಸಾಲದೆ ಇಬ್ಬರು ನಿಂತರು. ಫೋರ್ಕುವೋನನ್ನು ಕರೆಸಿದರು.

“ಎಂಜಿನಿಯರ್, ದಿನಕ್ಕೆ ಐದು ಸಲ ಹೇಳ್ತೀರಿ, ನಿಮ್ಮ ಯಂತ್ರಕ್ಕೆ ಸತ್ತದ್ದು ಬದುಕಿದ್ದು ಗೊತ್ತಾಗುತ್ತೆ ಅಂತ. ನಿಜಾನೋ ಸುಳ್ಳೋ?”

ಫೋರ್ಕುವೋ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಫ್ಯಾನ್ ನೋಡಿದರು. ಫೋರ್ಕುವೋ ನನ್ನ ಮುಖ ನೋಡಿದ. ಆ ಜಾಹೀರಾತು ಓದಿದ ಬಾಯಿ ನನ್ನದೇ, ನಾನು ಏನು ಹೇಳಲಿ.

“ನಿಜ, ಒಪಾನಿನ್.”

“ತಪ್ಪು ಮಾಡುತ್ತಾ?”

“ಇಲ್ಲೀ ತನಕ ಮಾಡಿಲ್ಲ.”

“ಹಂಗಾದ್ರೆ ಫೋಫಿಯೆ ಹೆಸರಿಗೇ ಯಾಕೆ ನಿಲ್ಸುತ್ತೆ?”

ಗೊತ್ತಿಲ್ಲ ಎನ್ನಬೇಕಿತ್ತು. ಮೂರೇ ಅಕ್ಷರ. ಫೋರ್ಕುವೋ ಎದೆ ಸ್ವಲ್ಪ ಉಬ್ಬಿಸಿ, “ಅದರ ಕಾರಣ ಅದಕ್ಕಿರುತ್ತೆ” ಎಂದ.

ಆರು ಜನ ಹಿರಿಯರೂ ಒಟ್ಟಿಗೆ ಉಸಿರು ಬಿಟ್ಟರು. ಅಲ್ಲೇ ತೀರ್ಮಾನವಾಯಿತು. ಆಕೆಯ ಹೆಸರನ್ನು ಮತ್ತೆ ಅದೇ ಜಾಗದಲ್ಲಿ ಸೇರಿಸಬೇಕು. ಶುಕ್ರ­ವಾರ ಸಂಜೆ ಕೊನೆಯ ಪ್ರಕಟಣೆ, ಅಲ್ಲಿಯ ತನಕ ಹಾಕುವುದು ಬೇಡ. ಆಗಲೂ ಅಲ್ಲಿಗೇ ನಿಂತರೆ ಶನಿವಾರ ಹೊತ್ತು ಮೂಡುವ ಮುನ್ನ, ಹೆಣ ಮನೆಗೆ ಬರುವುದರೊಳಗೆ, ಮಾಮೆ ಫೋಫಿಯೆ ವ್ಯಾನ್ ಹತ್ತಬೇಕು. ನಾಲ್ಕು ಗಂಟೆ ದೂರದಲ್ಲಿ ಒಂದು ಪ್ರಾರ್ಥನಾ ಶಿಬಿರವಿದೆ, ಉಪವಾಸ ಕೆಡವಿ ಒಳಗಿನದ್ದನ್ನು ಹೊರಗೆ ಹಾಕಿಸುತ್ತಾರಂತೆ. ಅಲ್ಲಿಗೆ ಹೋದ ಮುದುಕಿಯರು ತಿರುಗಿ ಬಂದದ್ದನ್ನು ಈ ಊರು ಕಂಡಿಲ್ಲ.

“ಕೋಣೆ ಕೀಲಿ ನಾನಿಟ್ಕೋತೀನಿ,” ಎಂದರು ಟುಮಾಸಿ. “ರಸ್ತೆ ಕಡೆ ಕೋಣೆ ನೋಡಿ, ಖಾಲಿ ಬಿಡೋಕಾಗಲ್ಲ.”

ಶುಕ್ರವಾರ ಮಧ್ಯಾಹ್ನ ನಾನೂ ಫೋರ್ಕುವೋನೂ ರಸ್ತೆ ದಾಟಿ ಬೇವಿನ ಮರದ ಕೆಳಗೆ ಹೋಗಿ ಕೂತೆವು. ಅವನು ಬರುವುದಿಲ್ಲ ಎಂದಿದ್ದ, ತೋಳು ಹಿಡಿದು ಎಳೆದುಕೊಂಡು ಹೋದೆ. ಮಾಮೆ ಫೋಫಿಯೆ ಅವನ ತಟ್ಟೆಗೆ ಎಂದಿನ ಹಾಗೆ ಎರಡು ಕೆಂಕೆ ಬಿಚ್ಚಿಟ್ಟು, ದೊಡ್ಡ ಮೀನನ್ನೇ ಆರಿಸಿ ಹಾಕಿದರು.

“ಮಗಾ, ನಿನ್ನ ಯಂತ್ರಕ್ಕೆ ನಾನೇನು ಮಾಡ್ದೆ?”

ಫೋರ್ಕುವೋಗೆ ಕೆಂಕೆ ಗಂಟಲಲ್ಲಿ ನಿಂತಿತು. ನೀರು ಕೊಟ್ಟವರೂ ಅವರೇ.

“ಅವನನ್ನ ತಿಂದೆ ಅಂತಾರಲ್ಲ ಅಫ್ರಾ. ಏನಿತ್ತು ಅವನಲ್ಲಿ ತಿನ್ನೋಕೆ, ಮೂಳೆ ಬಿಟ್ರೆ? ನನ್ನ ಬೆನ್ನ ಮೇಲೆ ಬೆಳೆದವನು ಅವನು. ಹುಡುಗನಾಗಿದ್ದಾಗ ಇನ್ನೊಬ್ಬರ ಮಾತು ತಡೆದು ಮಾತಾಡ್ತಾನೆ ಅಂತ ನಾನೇ ಎಷ್ಟು ಹೊಡ್ದಿದೀನಿ, ಆ ಚಾಳಿ ಸಾಯೋ ತನಕ ಹೋಗ್ಲಿಲ್ಲ.” ಅವರು ಬೆಂಕಿಯ ಕಡೆ ನೋಡಿದರು. “ನಂಗೆ ಹೆದರಿಕೆ ಆಗ್ತಿದೆ ಕಣೇ. ಅಲ್ಲಿ ಅನ್ನ ಕೊಡಲ್ವಂತೆ. ಅದಾದ್ರೂ ಹೋಗ್ಲಿ. ನಾಳೆ ಅವನನ್ನ ಮಣ್ಣಿಗಿಡೋವಾಗ ನಾನು ಅಲ್ಲಿರ್ಬೇಕು. ಇನ್ನೇನೂ ಬೇಡ ನಂಗೆ.”

ನನ್ನ ಕಣ್ಣು ತುಂಬಿತು. ಸಾವಿರಾರು ಸಾವು ಓದಿದ ನಾನು ಅತ್ತದ್ದು ಅದೇ ಮೊದಲು, ಅದೂ ಬದುಕಿರುವವರಿಗಾಗಿ.

ಕೇಂದ್ರಕ್ಕೆ ಮರಳಿದಾಗ ಮ್ಯಾನೇಜರು ತಮ್ಮ ಕೋಣೆಯಿಂದ ಮೇಜು ಕುಟ್ಟುತ್ತಾ ಬಂದರು.

“ಮತ್ತೆ ಓಡಿಹೋಯ್ತು. ಹದಿನೇಳನೇ ಸಲ. ಏಳು ನಿಮಿಷಕ್ಕಿಂತ ಹೆಚ್ಚು ನನ್ನ ಎದುರು ಕೂರೋ ಧೈರ್ಯ ಇಲ್ಲ ಅದಕ್ಕೆ.”

ನಾನು ಅವರನ್ನೇ ನೋಡಿದೆ. “ಏಳು ನಿಮಿಷ ಅಂತ ನಿಮಗೆ ಹೇಗೆ ಗೊತ್ತು ಸರ್?”

“ಗಡಿಯಾರ ಇಟ್ಕೊಂಡೇ ಆಡೋದು ನಾನು. ಆರು ನಿಮಿಷ ಐವತ್ತೊಂಬತ್ತು ಸೆಕೆಂಡ್ ತನಕ ಇರುತ್ತೆ. ಏಳಕ್ಕೆ ಪರಾರಿ.”

ಕೊರಳಿನ ಸ್ಟಾಪ್‌ವಾಚು ಹಿಡಿದುಕೊಂಡು ಹೋಗಿ ಬೆರ್ಕೋ ಅವರ ಪ್ರಕಟಣೆಯನ್ನು ಕಿವಿಗೆ ಹಾಕಿಕೊಂಡು ಕೇಳಿದೆ. ಒಟ್ಟು ಹತ್ತು ನಿಮಿಷ. ‘ಮಾಮೆ ಆಮಾ ಫೋ’ ಬರುವಾಗ ಮುಳ್ಳು ಸರಿಯಾಗಿ ಏಳರ ಮೇಲಿತ್ತು. ಫೋರ್ಕುವೋನ ಕಾಲರ್ ಹಿಡಿದು ಸಾಮಾನಿನ ಕೋಣೆಗೆ ತಳ್ಳಿ ಬಾಗಿಲು ಹಾಕಿದೆ.

“ತೆಗಿ ನಿನ್ನ ಕಾವಲುಗಾರನ್ನ.”

ತೆಗೆದ. ಹತ್ತು-ಹದಿನೈದು ಸಾಲು, ಅಷ್ಟೇ. ನಡುವೆ ಒಂದು ಕಡೆ ನಾನೂರ ಇಪ್ಪತ್ತು ಎಂದಿತ್ತು.

“ಇದೇನು?”

“ಸೆಕೆಂಡ್ ಇರ್ಬೇಕು ಆಂಟಿ.”

“ಇರ್ಬೇಕು ಅಂದ್ರೆ? ಬರೆದವನು ನೀನು ತಾನೆ?”

ಫೋರ್ಕುವೋ ಬಕೆಟ್ಟಿನ ಮೇಲೆ ಕುಳಿತ. “ನಾನಲ್ಲ. ಎಲ್ಲಿಂದಲೋ ಎತ್ಕೊಂಡೆ. ಏಳು ನಿಮಿಷ ಏನೂ ಬದಲಾಗದೆ ಒಂದೇ ಥರ ಇರೋದನ್ನ ಸತ್ತಿದೆ ಅಂತ ತಿಳ್ಕೊಂಡು ನಿಲ್ಸುತ್ತೆ, ಅಷ್ಟೇ ಅದಕ್ಕೆ ಗೊತ್ತಿರೋದು. ಒಂದು ಹಾಡು ಮುಗಿದು ಇನ್ನೊಂದು ಶುರುವಾದ್ರೇನೇ ಅದಕ್ಕೆ ಬದಲಾದ ಹಾಗೆ, ನಮ್ಮಲ್ಲಿ ಯಾವ ಹಾಡೂ ಐದು ನಿಮಿಷ ದಾಟಲ್ವಲ್ಲ. ಒಂದೇ ಪ್ರಕಟಣೆಗೆ ತೊಂಬತ್ತಮೂರು ಹೆಸರು ಬರುತ್ತೆ ಅಂತ ನಂಗೇನು ಗೊತ್ತು?”

ಹುಟ್ಟಿ ಮೂವತ್ತೆಂಟು ವರ್ಷಕ್ಕೆ ಅವನ ಬಾಯಿಂದ ಗೊತ್ತಿಲ್ಲ ಎಂಬ ಅರ್ಥದ ಮಾತು ಮೊದಲ ಸಲ ಬಂತು. ಬರಬೇಕಾದ ದಿನದಿಂದ ಒಂದು ದಿನ ತಡವಾಗಿ.

“ನಡಿ, ಟುಮಾಸಿ ಹತ್ರ ಹೋಗಿ ಹೇಳು.”

“ನಂಬ್ತಾರಾ ಆಂಟಿ? ನಿನ್ನೆ ತಾನೆ ತಪ್ಪೇ ಮಾಡಲ್ಲ ಅಂದೆ. ಈಗ ಹೋಗಿ ತಪ್ಪು ಅಂದ್ರೆ, ಮುದುಕಿ ಕೆಂಕೆ ತಿನ್ಸಿ ಬಾಯಿ ತಿರುಗಿಸಿದ್ಲು ಅಂತಾರೆ. ಮೀನಿನ ವಾಸನೆ ಇನ್ನೂ ನನ್ನ ಕೈಲೇ ಇದೆ.”

ದಡ್ಡನಾದರೂ ಆ ಮಾತು ಸರಿಯಾಗಿತ್ತು. ಅವರಿಗೆ ಬೇಕಿದ್ದದ್ದು ಕಾರಣವಲ್ಲ, ಕೋಣೆ. ಉಳಿದಿದ್ದು ಒಂದೇ ದಾರಿ. ನಾನು ಎದುರು ನಿಂತು ಎರಡೂ ಕಂಪ್ಯೂಟರಿನಿಂದ ಕಾವಲುಗಾರನನ್ನು ನಿಲ್ಲಿಸಿ, ಅಳಿಸಿ, ಅಳಿಸಿದ್ದನ್ನೂ ಅಳಿಸಿಹಾಕಿಸಿದೆ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿ ಮತ್ತೊಮ್ಮೆ ನೋಡಿದೆವು. ಎಲ್ಲೂ ಇರಲಿಲ್ಲ.

ಐದೂವರೆಗೆ ಊರೇ ಬಂದು ನಿಂತಿತ್ತು. ಟುಮಾಸಿಯವರು ಕೆಂಪು-ಕಪ್ಪು ಬಟ್ಟೆಯನ್ನು ಹೆಗಲ ಮೇಲೆ ಎಸೆದುಕೊಂಡು ಮೊದಲ ಸಾಲಿನಲ್ಲಿದ್ದರು.

“ಒಳಗೆ ಒಬ್ರೂ ಇರ್ಬಾರ್ದು. ಹೊತ್ತಿಗೆ ಸರಿಯಾಗಿ ತಾನೇ ಶುರುವಾಗೋ ಹಾಗೆ ಇಟ್ಟು, ಬೀಗ ಹಾಕಿ, ಕೀಲಿ ನನ್ನ ಕೈಗೆ ಕೊಡಿ.”

ಕೊಟ್ಟೆವು. ಆ ಕೋಣೆಗೆ ಕಿಟಕಿಯಿಲ್ಲ, ಇರುವುದು ಒಂದೇ ಬಾಗಿಲು. ಫೋರ್ಕುವೋ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದ.

“ಆಂಟಿ, ಪ್ಲೇಯರ್ ತಾನಾಗೇ ಹ್ಯಾಂಗ್ ಆದ್ರೆ?”

“ಆದ್ರೆ ಸುಮ್ಮನಾಗುತ್ತೆ. ತೆರೆಯೋಕೆ ಕಾವಲುಗಾರನೂ ಇಲ್ಲ, ಕೀಲಿಯೂ ಇಲ್ಲ. ಬಾಯಿ ಮುಚ್ಕೊಂಡು ಬೇಡ್ಕೋ.”

ರಸ್ತೆಯ ಆಚೆ ಬೇವಿನ ಮರದ ಕೆಳಗೆ ಮಾಮೆ ಫೋಫಿಯೆ ತಮ್ಮ ಸ್ಟೂಲಿನ ಮೇಲೆ ಒಬ್ಬರೇ ಕುಳಿತಿದ್ದರು. ಅವರ ಸುತ್ತ ಹತ್ತು ಹೆಜ್ಜೆ ಜಾಗ ಖಾಲಿ. ಅವರೂ ಶೋಕದ ಬಟ್ಟೆ ಉಟ್ಟಿದ್ದರು. ಮಡಿಲಲ್ಲಿ ಒಂದು ಪುಟ್ಟ ಗಂಟಿತ್ತು, ವ್ಯಾನಿಗೆ ಕಟ್ಟಿಟ್ಟುಕೊಂಡದ್ದು.

ಆರಕ್ಕೆ ಕಂಬದ ಮೇಲಿಂದ ನನ್ನ ದನಿ ಬಂತು. ಮೊದಲ ಹೆಸರು ಟುಮಾಸಿ, ಅವರ ಗದ್ದ ಮೇಲೆದ್ದಿತು. ಮಕ್ಕಳು, ಮೊಮ್ಮಕ್ಕಳು. ಬೆಳಕು ಕಡಿಮೆಯಾಗುತ್ತಾ ಬಂತು. ಬಾವಲಿಗಳು ಎದ್ದವು. ನಾನು ಸ್ಟಾಪ್‌ವಾಚು ಒತ್ತಿದ್ದೆ. ಅಕ್ಕತಂಗಿಯರ ಸಾಲು. “ಸಹೋದರಿ ಮಾಮೆ ಆಮಾ ಫೋಫಿಯೆ.” ನಿಲ್ಲದೆ ಮುಂದಕ್ಕೆ, “ಸೋದರಳಿಯ ಅಮೋಯಾ.”

ನೆರೆದವರೆಲ್ಲಾ ಒಮ್ಮೆಲೇ ಮಿಸುಕಾಡಿದರು. ಅಜೋವಾ ಎಲ್ಲರ ನಡುವಿನಿಂದ ನುಗ್ಗಿ ರಸ್ತೆ ದಾಟಿ, ಆ ಹತ್ತು ಹೆಜ್ಜೆ ಖಾಲಿ ಜಾಗವನ್ನೂ ದಾಟಿ, “ಮಾಮೆ, ನಂಗೆರಡು ಕೆಂಕೆ ಕೊಡಿ” ಎಂದಳು. ಫೋರ್ಕುವೋ ಮೂಗು ಒರೆಸಿಕೊಂಡ.

ಟುಮಾಸಿಯವರು ಮಾತ್ರ ಅಲುಗಲಿಲ್ಲ. ಕೈಯೆತ್ತಿ ಜನರ ಕಡೆ ತಿರುಗಿದರು. ಕಂಬದ ಮೇಲೆ ಹೆಸರುಗಳು ಸಾಗುತ್ತಲೇ ಇದ್ದವು.

“ಇವತ್ತು ಯಂತ್ರ ಸರಿ ಇಲ್ಲ. ಐದು ಸಲ ನಿಂತದ್ದು ಒಂದ್ಸಲ ಓಡಿದ್ರೆ ಸುಳ್ಳಾಗಿಬಿಡುತ್ತಾ? ಯಜಮಾನ ನಾನು. ವ್ಯಾನಿಗೆ ಹೇಳಾಗಿದೆ, ಬೆಳಿಗ್ಗೆ ಬರುತ್ತೆ. ಆಕೆ ಹೋಗ್ತಾಳೆ.”

ಆರು ಜನ ಹಿರಿಯರು ನೆಲ ನೋಡಿದರು. ಎದುರು ಮಾತಾಡಲು ಒಬ್ಬರಿಗೂ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ, ಅದನ್ನು ಈಗಲೂ ನನ್ನಿಂದ ಮರೆಯಲಾಗಿಲ್ಲ. ಮೇಲೆ ಅಬಿಜಾನಿನ ದಾಯಾದಿ ಹೋದ, ಬಾವಿ ತೋಡಿದವನು ಹೋದ, ಹಲ್ಲು ಕಿತ್ತವನು ಹೋದ. ಕೊನೆಯ ಸಾಲು ಬಂತು.

“ಈ ಪ್ರಕಟಣೆ ಕುಲದ ಯಜಮಾನರಾದ ಒಪಾನಿನ್ ಟು”

ನಿಂತಿತು.

ಬಾವಲಿಗಳೆಲ್ಲಾ ಎಲ್ಲಿ ಹೋದವೋ, ಆಕಾಶ ಖಾಲಿಯಿತ್ತು. ಸ್ಟಾಪ್‌ವಾಚಿನ ಟಿಕ್ ಟಿಕ್ ನನಗೆ ಕೇಳುತ್ತಿತ್ತು, ಒಂದು, ಎರಡು, ಮೂರು. ಆಮೇಲೆ ಡೋಲು. ಎಂದಿಗಿಂತ ಜೋರಾಗಿ, ಕಂಬದ ಮೇಲಿನ ತಗಡು ಅದುರುವ ಹಾಗೆ, ನಾಲ್ಕು ಪೆಟ್ಟು.

ಟುಮಾಸಿಯವರು ಬಾಯಿ ತೆರೆದರು. ಬೀಗದ ಕೀಲಿ ಅವರ ಮುಷ್ಟಿಯಲ್ಲೇ ಇತ್ತು, ಅದನ್ನೊಮ್ಮೆ ನೋಡಿದರು, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ಆ ಮಣ್ಣಿನ ಮೇಲೆ, ಅಷ್ಟು ಒಳ್ಳೆಯ ಬಟ್ಟೆಯಲ್ಲಿ, ನಿಂತ ಜಾಗದಲ್ಲೇ ಕೂತುಬಿಟ್ಟರು.

ಶನಿವಾರ ವ್ಯಾನ್ ಬಂತು. ಕುರ್ಚಿ ಸಾಗಿಸಲು ಅನುಕೂಲವಾಯಿತು. ಬೆರ್ಕೋ ಅವರನ್ನು ಮಣ್ಣಿಗಿಟ್ಟಾಗ ತಲೆಯ ಹತ್ತಿರ ನಿಂತು ಮೊದಲ ಹಿಡಿ ಮಣ್ಣು ಹಾಕಿದವರು ಮಾಮೆ ಫೋಫಿಯೆ. ಮೂಲೆಯ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ.

ಸೋಮವಾರ ನಾನು ಎರಡು ಕೆಂಕೆ ಕಟ್ಟಿಸಿಕೊಂಡು ಸಾಮಾನಿನ ಕೋಣೆಗೆ ಹೋದೆ. ಬಾಗಿಲಿನ ಹಲಗೆ ಇರಲಿಲ್ಲ, ಮೊಳೆಯ ತೂತು ಮಾತ್ರ ಇತ್ತು.

“ತಗೋ, ತಿನ್ನು,” ಎಂದೆ. “ಬಾಯಲ್ಲಿ ದೊಡ್ಡ ಮಾತಾಡಿದ್ರೂ ಕೊನೆಗೆ ಸರಿಯಾದ ಕೆಲ್ಸ ಮಾಡ್ದೆ ಕಣೋ. ಅವರ ಹೆಸರಿಗೇ ನಿಲ್ಲೋ ಹಂಗೆ ಯಾವಾಗ ಮಾಡಿದೆ? ನಂಗೂ ಹೇಳಲಿಲ್ಲ.”

ಫೋರ್ಕುವೋ ಕೆಂಕೆಯ ಎಲೆ ಬಿಚ್ಚುತ್ತಿದ್ದವನು ನಿಲ್ಲಿಸಿದ.

“ನಾನಾ? ನೀವಲ್ವಾ ಆಂಟಿ? ನೀವು ಓದೋವಾಗಲೇ ಅಲ್ಲಿಗೆ ನಿಲ್ಸಿ, ಹಿಂದೆ ಡೋಲು ಸೇರಿಸಿದ್ರಿ ಅಂದ್ಕೊಂಡಿದ್ದೆ.”

“ನಾನು ಪೂರ್ತಿ ಓದಿದ್ದೆ. ಬೇಕಾದ್ರೆ ಹಾಕಿ ನೋಡು.”

ಹಾಕಿ ನೋಡಿದೆವು. ನನ್ನ ದನಿ ಟುಮಾಸಿಯವರ ಹೆಸರನ್ನು ಪೂರ್ತಿ ಹೇಳಿ, ಅಪ್ಪಣೆಯಂತೆ ಎಂದು ಮುಗಿಸಿತು. ಫೋರ್ಕುವೋ ಇನ್ನೊಂದು ಸಲ ಹಾಕಿದ, ಆಗಲೂ ಪೂರ್ತಿ ಬಂತು.

“ಕಾವಲುಗಾರ ಎಲ್ಲೋ ಒಂಚೂರು ಉಳ್ಕೊಂಡಿರ್ಬೇಕು,” ಎಂದ ಅವನು.

ಅಷ್ಟರಲ್ಲಿ ಮ್ಯಾನೇಜರು ಬಂದು ಬಾಗಿಲಿಗೆ ಒರಗಿ ನಿಂತರು. ಮುಖ ಬಾಡಿತ್ತು. “ಏನಾಗಿದೆಯೋ ಆ ಕಂಪ್ಯೂಟರಿಗೆ. ಶುಕ್ರವಾರದಿಂದ ಓಡಿಹೋಗಲ್ಲ, ಒಲ್ಲೆ ಅನ್ನುತ್ತೆ. ಇವತ್ತು ಅರ್ಧ ಗಂಟೆ ಎದುರು ಕೂತು ನನ್ನನ್ನ ಸೋಲಿಸ್ತು.” ಅಷ್ಟು ಹೇಳಿ ಹೋದರು.

“ಉಳ್ಕೊಂಡಿಲ್ಲ,” ಎಂದೆ ನಾನು.

“ಹಂಗಾದ್ರೆ ಹ್ಯಾಂಗ್ ಆಗಿತ್ತು. ವಾರಕ್ಕೆ ಮೂರು ಸಲ ಆಗ್ತಿತ್ತಲ್ಲ.”

“ಆಗಿರ್ಬೇಕು.”

ಫೋರ್ಕುವೋ ಒಂದು ತುತ್ತು ಬಾಯಿಗಿಟ್ಟ. ಅಗಿಯಲಿಲ್ಲ. ಆ ತಲೆಯಲ್ಲಿ ಒಂದು ಸರಿಯಾದ ಪ್ರಶ್ನೆ ಹುಟ್ಟುವುದನ್ನು ನಾನು ಕಣ್ಣಾರೆ ಕಂಡೆ.

“ಆಂಟಿ, ಹ್ಯಾಂಗ್ ಆಗಿದ್ರೆ ಸುಮ್ಮನಾಗ್ಬೇಕಿತ್ತು. ಬಾಗಿಲಿಗೆ ಬೀಗ, ಕೀಲಿ ಅವರ ಕೈಲಿ. ಮತ್ತೆ ಡೋಲು ಬಾರಿಸಿದ್ಯಾರು?”

“ಕೆಂಕೆ ಆರುತ್ತೆ, ತಿನ್ನು,” ಎಂದು ಹೊರಗೆ ಬಂದೆ.

ಬೇವಿನ ಮರದ ಕೆಳಗೆ ಆಗಲೇ ಏಳೆಂಟು ಜನ ತಟ್ಟೆ ಹಿಡಿದು ನಿಂತಿದ್ದರು. ಮಾಮೆ ಫೋಫಿಯೆ ಅವರಿಗೆ ಕಾಯಲು ಹೇಳಿ, ದಿನದ ಮೊದಲ ಕೆಂಕೆಯಿಂದ ಒಂದು ತುಣುಕು ಮುರಿದು ಮರದ ಬುಡದಲ್ಲಿಟ್ಟರು. ಪಕ್ಕದಲ್ಲಿ ಒಂದು ಚೂರು ಮೀನು. ಆಮೇಲೆ ಬಗ್ಗಿ, ನೆಲದ ಕಡೆ ಬೆರಳು ತೋರಿಸಿ ತಮ್ಮನನ್ನು ಬೈಯತೊಡಗಿದರು.

“ಅವನ ಹೆಸರಿಗೆ ನಿಲ್ಸಿದ್ದು ಸರಿ. ಅಷ್ಟು ಜೋರಾಗಿ ಬಾರಿಸ್ಬೇಕಿತ್ತೇನೋ? ಊರಲ್ಲಿ ಹಸುಗೂಸುಗಳಿದಾವೆ.”